ಎಂಜಲು ಹಚ್ಚಿ ಉಜ್ಜಿದ ಟ್ಯಾಬು

ಶಾಲೆಯ ನಲ್ಲಿಯ ಹತ್ತಿರ ಕೆಸರಲ್ಲಿ ಜಾರಿಬಿದ್ದ ಗೆಳತಿ ರಾಬಿಯಾಳ ಫೋಟೊವನ್ನು ಚೆಲುವಿ ಶಾಲೆಯ ಹೊಸ ಟ್ಯಾಬಿನಲ್ಲಿ ತೆಗೆದು, ನಗುನಗುತ್ತಲೇ ತರಗತಿಯ ಗುಂಪಿಗೆ ಕಳಿಸಿಬಿಟ್ಟಳು. ರಾಬಿಯಾ ಬಿಕ್ಕಿ ಬಿಕ್ಕಿ ಅಳತೊಡಗಿದಾಗ ಚೆಲುವಿ ಫೋಟೊ ಅಳಿಸಲು ಹೊರಟಳು. ಸ್ಲೇಟಿನ ರೂಢಿಯಲ್ಲವೇ, ಬೆರಳಿಗೆ ಎಂಜಲು ಹಚ್ಚಿಕೊಂಡು ಟ್ಯಾಬನ್ನು ಗಸಗಸ ಉಜ್ಜಿದಳು.

“ಉಜ್ಜಬೇಡ ಮಗು,” ಎಂದಿತು ಟ್ಯಾಬು. “ಫೋಟೊ ಆಗಲೇ ಎಲ್ಲರ ಮನೆಯ ಫೋನಿಗೂ ಹೋಗಿಯಾಯ್ತು. ನನ್ನಲ್ಲಿ ಅಳಿಸಿದರೂ ಅಲ್ಲಿ ಉಳಿಯುತ್ತದೆ.”

ಚೆಲುವಿಯ ಕಣ್ಣು ತುಂಬಿ ಬಂತು. ಚೀಲದಲ್ಲಿದ್ದ ಹಳೆಯ ಸ್ಲೇಟನ್ನು ಹೊರಗೆ ತೆಗೆದು, “ನೀನಾದರೂ ಹೇಳು, ನಾನೀಗ ಏನನ್ನು ಒರೆಸಲಿ?” ಎಂದು ಕೇಳಿದಳು.

ಸ್ಲೇಟು ಮೆಲ್ಲಗೆ ಹೇಳಿತು: “ರಾಬಿಯಾಳ ಮುಖದ ಮೇಲಿನ ಕೆಸರು ಇನ್ನೂ ಹಾಗೇ ಇದೆಯಲ್ಲ ತಾಯಿ, ಮೊದಲು ಅದನ್ನು ಒರೆಸು.”