ನಾಲಿಗೆಗೆ ಮಣಿಯದ ಮೂತ್ರಪಿಂಡ

ಗಿರಿಜವ್ವನ ಮೂತ್ರಪಿಂಡಕ್ಕೆ ಉರಿಯೂತ ಬಂದು ಮುಖ, ಕಾಲು ಬಾತುಕೊಂಡವು. ವೈದ್ಯರು ಮಾತ್ರೆ ಕೊಟ್ಟು, ಉಪ್ಪು ಕಡಿಮೆ ಮಾಡಲು ಹೇಳಿದರು. ನಾಲಿಗೆ ಕೆರಳಿತು.

"ಎಲೈ ಮೂತ್ರಪಿಂಡವೇ, ಇಷ್ಟು ಕಾಲ ನಾನು ಬೇಡಿದ್ದನ್ನೆಲ್ಲ ನೀನು ಸೋಸಿದೆ. ಈಗ ಉಪ್ಪಿನಕಾಯಿಗೆ ಹೆದರಿದೆಯಾ?"

ನೋವಿನಲ್ಲಿದ್ದರೂ ಮೂತ್ರಪಿಂಡ ಅಳುಕಲಿಲ್ಲ. "ಹೆದರಿಕೆಯಲ್ಲ. ನನ್ನ ಜರಡಿ ಬಾತಿದೆ. ಉಪ್ಪು ಹೆಚ್ಚಾದರೆ ನೀರು ಹೊರಹೋಗದೆ ಮೈಯಲ್ಲೇ ನಿಲ್ಲುತ್ತದೆ. ಇನ್ನು ನಿನ್ನ ಅಪ್ಪಣೆ ನಡೆಯುವುದಿಲ್ಲ."

"ಹಾಗಾದರೆ ನಾನು ಅನ್ನವನ್ನೇ ಮುಟ್ಟೆನು!"

"ಮುಟ್ಟಬೇಡ. ನೀನು ಮುನಿದರೆ ಒಂದು ಹೊತ್ತಿನ ಊಟ ತಪ್ಪೀತು. ನಾನು ಕೆಟ್ಟರೆ ಉಣ್ಣುವವಳೇ ಉಳಿಯಳು."

ಸಂಜೆ ಹಸಿವು ತಾಳಲಾರದೆ ನಾಲಿಗೆ ಸಪ್ಪೆ ಗಂಜಿಗೆ ಸೋತಿತು. ಕೆಲವು ವಾರ ತಪ್ಪದೆ ಮಾತ್ರೆ ನುಂಗಿದ ಮೇಲೆ ಬಾವು ಇಳಿಯಿತು. ಗಿರಿಜವ್ವ ಚಪ್ಪಲಿ ಮೆಟ್ಟಿ ಸಂತೆಗೆ ನಡೆದಳು. ನಾಲಿಗೆ ಗೊಣಗುತ್ತಲೇ ಇತ್ತು. ಮೂತ್ರಪಿಂಡ ಕಿವಿಗೊಡಲಿಲ್ಲ.