ದೀಪದ ಕೆಳಗಿನ ಕುರ್ಚಿ

ಹಳೆಯ ನಾಟಕ ಗೃಹವೊಂದರ ನಡುಮಧ್ಯೆ ಗಾಜಿನ ಹರಳುಗಳ ದೊಡ್ಡ ತೂಗುದೀಪವಿತ್ತು. ಅದರ ತೂಕ ಹತ್ತು ಮಣ. ವರ್ಷಕ್ಕೊಮ್ಮೆ ಅದನ್ನು ಇಳಿಸಿ, ತೊಳೆದು, ಮತ್ತೆ ಏರಿಸುತ್ತಿದ್ದರು. ಏರಿಸಿದ ಮೇಲೆ ನಡೆಯುವ ಮೊದಲ ನಾಟಕಕ್ಕೆ, ದೀಪ ನೋಡಿಕೊಳ್ಳುವವನ ಮನೆಯವರೇ ಅದರ ನೇರ ಕೆಳಗೆ ಕೂರಬೇಕು. ಇದು ಅಲ್ಲಿಯ ಪದ್ಧತಿ.

ನಲವತ್ತು ವರ್ಷ ಆ ದೀಪ ನೋಡಿಕೊಂಡ ಕಾಸಿಂಸಾಬರಿಗೆ ಕಣ್ಣು ಮಂಜಾಯಿತು. ಕೆಲಸ ಅವರ ಶಿಷ್ಯ ಚನ್ನವೀರನಿಗೆ ಬಂತು.

ಚನ್ನವೀರ ಹಳೆಯ ಧೋತರದ ಮೆತ್ತನೆ ಬಟ್ಟೆಯಿಂದ ಒಂದೊಂದೇ ಹರಳು ಒರೆಸಿದ. ನೋಡಿದವರೆಲ್ಲ ಶಭಾಷ್ ಅಂದರು. ಹೊಗಳಿಕೆ ಬಲು ರುಚಿ. ಇನ್ನು ಅಟ್ಟ ಹತ್ತಿ ದೀಪ ತೂಗುವ ಸರಪಳಿ ನೋಡುವುದೊಂದು ಉಳಿದಿತ್ತು. ಅಟ್ಟದ ತುಂಬ ಪಾರಿವಾಳದ ಹಿಕ್ಕೆ, ಸುಡುವ ಧಗೆ. ಅಲ್ಲಿ ದುಡಿದರೆ ನೋಡುವವರು ಯಾರು? ಹೋದ ವರ್ಷ ಗಟ್ಟಿಯಿತ್ತಲ್ಲ ಎಂದುಕೊಂಡು ದೀಪ ಏರಿಸಿಬಿಟ್ಟ.

ನಾಟಕದ ದಿನ ಮಧ್ಯಾಹ್ನವೇ ಜನ ತುಂಬಿದರು. ಪದ್ಧತಿಯಂತೆ ಚನ್ನವೀರನ ಹೆಂಡತಿ, ಮಗಳು ದೀಪದ ಕೆಳಗೆ ಬಂದು ಕೂತರು. ಮಗಳು ಕತ್ತೆತ್ತಿ ಹರಳು ನೋಡಿ ನಕ್ಕಳು. ಚನ್ನವೀರನಿಗೆ ತಾನು ನೋಡದೆ ಬಿಟ್ಟ ಸರಪಳಿ ನೆನಪಾಯಿತು. ಬಾಯಿ ಬಿಟ್ಟರೆ ಕೆಲಸ ಹೋದೀತು, ಬಿಡದಿದ್ದರೆ ಏನಾದೀತೋ. ಅವನು ಓಡಿಹೋಗಿ ಮಾಲೀಕರ ಮುಂದೆ ನಿಂತ.

“ನಾಟಕ ಸುರು ಮಾಡಬ್ಯಾಡ್ರಿ.”

“ಯಾಕೋ? ಗಾಜು ಛಲೋ ಹೊಳಿಯಾಕತ್ತಾವಲ್ಲ?”

“ಗಾಜು ಒರಸೀನ್ರಿ. ಸರಪಳಿ ನೋಡಿಲ್ರಿ. ತಪ್ಪು ನಂದ.”

ಮಾಲೀಕರು ಜನರನ್ನೆಲ್ಲ ಹೊರಗೆ ಕಳಿಸಿದರು. ಚನ್ನವೀರ ಅಟ್ಟ ಹತ್ತಿದ. ಸರಪಳಿಯ ಒಂದು ಕೊಂಡಿ ಸವೆದು ತಂತಿಯಷ್ಟು ತೆಳ್ಳಗಾಗಿತ್ತು. ದಪ್ಪ ಹಗ್ಗ ಕಟ್ಟಿ ದೀಪವನ್ನು ಮೆಲ್ಲಗೆ ಇಳಿಸಿದರು. ಅಂದು ನಾಟಕ ನಡೆಯಲಿಲ್ಲ.

ಚನ್ನವೀರ ಗುರುವಿನ ಬಳಿ ಬಂದು ನಡೆದದ್ದನ್ನೆಲ್ಲ ಹೇಳಿ ತಲೆ ತಗ್ಗಿಸಿ ಕೂತ. ಕಾಸಿಂಸಾಬರು ಬೈಯಲಿಲ್ಲ. ಅವನ ಕೈ ಹಿಡಿದುಕೊಂಡು ಹೇಳಿದರು: “ನಿನ್ನ ಮಗಳು ಕುಂತ ಮ್ಯಾಲೆ ಸರಪಳಿ ನೆನಪಾತು. ಉಳಿದ ಮುನ್ನೂರು ಮಂದೀನೂ ಯಾರೋ ಹೆತ್ತ ಮಕ್ಕಳಪ್ಪ.”

ಚನ್ನವೀರನಿಗೆ ಅಳು ತಡೆಯಲಾಗಲಿಲ್ಲ. ಮಾಲೀಕರು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಮರುವರ್ಷದಿಂದ ಅವನು ಮೊದಲು ಅಟ್ಟ ಹತ್ತುತ್ತಿದ್ದ, ಆಮೇಲೆ ಬಟ್ಟೆ ಹಿಡಿಯುತ್ತಿದ್ದ.

ನೀತಿ: ನಾಲ್ಕು ಜನ ಮೆಚ್ಚುವ ಹೊಳಪಿಗಿಂತ ಯಾರೂ ನೋಡದ ಕೊಂಡಿ ದೊಡ್ಡದು. ನಮ್ಮ ಮಕ್ಕಳನ್ನು ಕೂರಿಸಲು ಹೆದರುವ ಜಾಗದಲ್ಲಿ ಪರರ ಮಕ್ಕಳನ್ನೂ ಕೂರಿಸಬಾರದು.