ಎಮ್ಮೆ ಇಳಿಯದ ಕೆರೆ

ದೂರದ ಚಳಿನಾಡಿನ ಸರೋವರದಲ್ಲಿ ಆರೋಗ್ಯಶಾಸ್ತ್ರ ಕಲಿತು ಬಂದ ಕೊಕ್ಕರೆಯೊಂದು ತನ್ನೂರ ಕೆರೆಯ ದಂಡೆಯಲ್ಲಿ ಮರಿಹಕ್ಕಿಗಳಿಗೆ ಪಾಠ ಶುರುಮಾಡಿತು.

"ರೋಗಕ್ಕೆ ಮೂಲ ಕೊಳಕು. ನಾನು ಕಲಿತ ಸರೋವರದಲ್ಲಿ ಒಂದು ಎಮ್ಮೆಯೂ ಇರಲಿಲ್ಲ, ನೀರು ಕನ್ನಡಿಯಂತಿತ್ತು. ಮೊದಲು ಈ ಎಮ್ಮೆಗಳನ್ನು ಓಡಿಸಿ" ಎಂದಿತು. ಹಕ್ಕಿಗಳೆಲ್ಲ ಸೇರಿ ಕುಕ್ಕಿ ಕುಕ್ಕಿ ಎಮ್ಮೆಗಳನ್ನು ದಡ ಹತ್ತಿಸಿದವು.

ನೀರು ತಿಳಿಯಾಯಿತು. ಕೊಕ್ಕರೆ ಹಿಗ್ಗಿ ಹೀರೇಕಾಯಿಯಾಯಿತು. ಆದರೆ ಎಮ್ಮೆಗಳು ಮೇಯುತ್ತಿದ್ದ ಜೊಂಡು ಈಗ ತಡೆಯಿಲ್ಲದೆ ಬೆಳೆದು, ಕೆರೆಯನ್ನೆಲ್ಲ ಮುಚ್ಚಿ, ಅಲ್ಲೇ ಕೊಳೆಯಿತು. ಮೀನು ಸತ್ತವು, ಸೊಳ್ಳೆ ಎದ್ದವು, ಗೂಡುಗೂಡಿಗೂ ಜ್ವರ ಹೊಕ್ಕಿತು. ಕೊಕ್ಕರೆಯ ಸ್ವಂತ ಮರಿಯೂ ಉಳಿಯಲಿಲ್ಲ.

ಕೊಕ್ಕರೆ ತಲೆ ತಗ್ಗಿಸಿಕೊಂಡು ಹಿರಿಯ ಎಮ್ಮೆಯ ಬಳಿ ಹೋಯಿತು. "ಜೊಂಡಿನ ವಿಷಯ ಅವತ್ತೇ ಯಾಕೆ ಹೇಳಲಿಲ್ಲ, ಅಕ್ಕ?"

"ನನಗೇನು ಗೊತ್ತಿತ್ತು, ತಂಗಿ? ಹಸಿವಾದರೆ ಮೇಯುತ್ತಿದ್ದೆ, ಸೆಕೆಯಾದರೆ ಮಲಗುತ್ತಿದ್ದೆ. ಎಲ್ಲವನ್ನೂ ಕೂಡಿಸಿ ನೋಡಬೇಕಾದವಳು ನೀನು."

ಮರುದಿನ ಎಮ್ಮೆಗಳು ಮತ್ತೆ ನೀರಿಗಿಳಿದವು. ಬದುಕುಳಿದ ಮರಿಗಳ ಮುಂದೆ ನಿಂತು ಕೊಕ್ಕರೆ ಹೇಳಿತು: "ನಾನು ಹೇಳಿಕೊಟ್ಟದ್ದು ಸುಳ್ಳಲ್ಲ, ಮಕ್ಕಳೇ. ಆ ಸರೋವರಕ್ಕೆ ಅದು ನಿಜ. ಈ ಕೆರೆಯನ್ನು ಮಾತ್ರ ನಾನು ಕಲಿಯುವ ಮೊದಲೇ ಕಲಿಸಿಬಿಟ್ಟೆ."